ಪವರ್ ಹೈ ಇಟ್ಟಿದ್ದು ಯಾರು?

ಸೋಮವಾರಪೇಟೆ ಹತ್ತಿರ ನಮ್ಮ ತೋಟ. ದೊಡ್ಡಮನೆ, ಅದಕ್ಕೆ ಅಂಟಿಕೊಂಡಂತೆ ಭಾವ ನಡೆಸುವ ಹೋಂಸ್ಟೇ, ಕಣದ ಆಚೆ ಚಿಕ್ಕಪ್ಪನ ಮನೆ. ಇಷ್ಟಕ್ಕೂ ಸೇರಿ ಒಂದೇ ವೈಫೈ ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಬಿಡುವ ಪೆಟ್ಟಿಗೆ, ದೊಡ್ಡಮನೆ ಜಗಲಿಯಲ್ಲಿ. ದುಡ್ಡು ಮೂರೂ ಮನೆಯದು, ಅಡ್ಮಿನ್ ಪಾಸ್‌ವರ್ಡೂ ಮೂರೂ ಮನೆಯಲ್ಲಿದೆ. ಜಗಳಕ್ಕೆ ಇನ್ನೇನು ಬೇಕು? ಆ ಜಗಳ ನಡೆದ ಮನೆಯ ಗ್ರೂಪಿನ ಚಾಟ್ ಇದು, ಮನೆಯವರನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ನಡುನಡುವೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದಿದ್ದೇನೆ.

ಚಿನ್ನು (ಚಿಕ್ಕಪ್ಪನ ಮಗಳು): ರಾತ್ರಿ ವೈಫೈ ಸೆಟ್ಟಿಂಗ್ ಯಾರು ಮುಟ್ಟಿದ್ದು? ಮೀಟಿಂಗಲ್ಲಿ ಎಲ್ಲರ ದನಿ ನನಗೆ ಕೇಳ್ತಿದೆ, ನನ್ನ ದನಿ ಯಾರಿಗೂ ಕೇಳ್ತಿಲ್ಲ.

ಭಾವ: ನಾನೇ. ಗೆಸ್ಟ್‌ಗಳು ದಿನಾ ಕಂಪ್ಲೇಂಟ್ ಮಾಡ್ತಾರೆ. ಟ್ರಾನ್ಸ್‌ಮಿಟ್ ಪವರ್ ಮೀಡಿಯಂ ಇತ್ತು, ಹೈ ಮಾಡಿದೆ. ಚಾನೆಲ್ ವಿಡ್ತ್, ಅಂದ್ರೆ ಸಿಗ್ನಲ್ ಹೋಗೋ ದಾರಿಯ ಅಗಲ, 80 ಮೆಗಾಹರ್ಟ್ಸ್. ಚಾನೆಲ್ 100, ಅಲ್ಲಿ ಪೂರ್ತಿ ಖಾಲಿ. ಸೆಕ್ಯೂರಿಟಿನೂ ಹೊಸದು, ಡಬ್ಲ್ಯೂಪಿಎ3. ಈಗ ನನ್ನ ಫೋನಲ್ಲಿ ಲಿಂಕ್ ಸ್ಪೀಡ್ 866 ಎಂಬಿಪಿಎಸ್ ತೋರಿಸ್ತಿದೆ. ದುಡ್ಡು ಕೊಟ್ಟು ತಂದ ಮೇಲೆ ಅರ್ಧ ಪವರಲ್ಲಿ ಯಾಕೆ ಓಡಿಸಬೇಕು?

ಚಿಕ್ಕಪ್ಪ: ಇಲ್ಲಿ ಟವರ್ ಚೆನ್ನಾಗೇ ತೋರಿಸ್ತಿದೆ. ಆದ್ರೆ ಏನೂ ಓಪನ್ ಆಗ್ತಿಲ್ಲ. ಗೋಡೌನ್ ಕ್ಯಾಮೆರಾ ಆಫ್‌ಲೈನ್ ಅಂತಿದೆ. ರೇಟ್ ಬರಲಿ ಅಂತ ಇಟ್ಟ ಮೆಣಸಿನ ಚೀಲ ಎಲ್ಲಾ ಅಲ್ಲೇ ಇದೆ.

ದೊಡ್ಡಪ್ಪ: ಮಳೆ ಹಿಡಿದಿದೆಯಲ್ಲ, ಅದಕ್ಕೇ. ಮಳೆಗಾಲದಲ್ಲಿ ಕರೆಂಟ್ ಇರೋದೇ ಹೆಚ್ಚು.

ನಾನು: ದೊಡ್ಡಪ್ಪ, ವೈಫೈಯನ್ನು ಮಳೆ ಹನಿ ಅಷ್ಟಾಗಿ ತಡೆಯಲ್ಲ. ನೆನೆದ ಎಲೆ ತಡೆಯುತ್ತೆ. ಕಣದ ಅಂಚಿನ ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಮೇಲಿನವರೆಗೂ ಹಬ್ಬಿದೆ, ಎಲ್ಲಾ ತೊಟ್ಟಿಕ್ಕುತ್ತಾ ನಿಂತಿದೆ. ಪೆಟ್ಟಿಗೆ ಎರಡು ಥರದ ರೇಡಿಯೋ ಅಲೆಯಲ್ಲಿ ಮಾತಾಡುತ್ತೆ, 5 ಗಿಗಾಹರ್ಟ್ಸ್ ಮತ್ತು 2.4. 5 ಅದನ್ನು ದಾಟೋದು ಕಷ್ಟ. 2.4 ಸ್ವಲ್ಪ ವಾಸಿ. ಆದರೆ ಮೊನ್ನೆಯೂ ಇದೇ ಮಳೆ, ಇದೇ ಮರ. ಮೊನ್ನೆ ಮೀಟಿಂಗ್ ಸರಿಯಾಗಿತ್ತು ಅಲ್ವಾ ಚಿನ್ನು?

ಚಿನ್ನು: ಒಂದು ಸಲವೂ ಕಟ್ ಆಗಿರಲಿಲ್ಲ.

ಭಾವ: ಅಂದ್ರೆ ಎಲ್ಲಾ ನನ್ನ ತಲೆಗೆ ಕಟ್ಟಿ.

ನಾನು: ಬೇಜಾರು ಮಾಡ್ಕೋಬೇಡಿ ಭಾವ. ಪವರ್ ಏರಿಸಿದರೆ ಜಗಲಿಯ ಪೆಟ್ಟಿಗೆಯ ದನಿ ಮಾತ್ರ ಜೋರಾಗುತ್ತೆ, ಫೋನಿನದಲ್ಲ. ಜಾತ್ರೆ ಮೈಕ್ ಹಿಡಿದು ಕಣದಾಚೆ ಇರೋರನ್ನು ಕರೆದ ಹಾಗೆ. ಅವರಿಗೆ ಕೇಳುತ್ತೆ, ಅವರ ಉತ್ತರ ನಮಗೆ ಕೇಳಲ್ಲ. ಈಗ ಪೆಟ್ಟಿಗೆ ತನ್ನ ಪವರ್ 26 ಡಿಬಿಎಂ (ಸಿಗ್ನಲ್ ಅಳೆಯೋ ಲೆಕ್ಕ) ಅಂತಿದೆ, ಅಂದರೆ 400 ಮಿಲಿವ್ಯಾಟ್. ಫೋನುಗಳದು ಸಾಮಾನ್ಯವಾಗಿ 13ರಿಂದ 15, ಅಂದರೆ 20-30 ಮಿಲಿವ್ಯಾಟ್. 3 ಡಿಬಿ ಏರಿದಾಗೆಲ್ಲ ದುಪ್ಪಟ್ಟು ಅಂತ ಲೆಕ್ಕ.

ಭಾವ: ಹೇಳೋದು ಸುಲಭ. ತೋರಿಸು.

ನಾನು: ಚಿನ್ನು, ಫೋನಲ್ಲಿ ವೈಫೈ ಆ್ಯಪ್ ತೆಗೆದು ಸಿಗ್ನಲ್ ಎಷ್ಟಿದೆ ಹೇಳು.

ಚಿನ್ನು: ಮೈನಸ್ 70.

ನಾನು: ಭಾವ, ನೀವು ಅಡ್ಮಿನ್ ಪೇಜಲ್ಲಿ ಕ್ಲೈಂಟ್ ಪಟ್ಟಿ ತೆಗೀರಿ. ಅದೇ ಫೋನ್ ಪೆಟ್ಟಿಗೆಗೆ ಎಷ್ಟು ಕೇಳ್ತಿದೆ?

ಭಾವ: ಮೈನಸ್ 83.

ದೊಡ್ಡಪ್ಪ: ಮೈನಸ್ಸಲ್ಲಿ 83 ಒಳ್ಳೇದಾ 70 ಒಳ್ಳೇದಾ?

ನಾನು: ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು ದೊಡ್ಡಪ್ಪ. ಮಾತುಕತೆಗೆ 67ರ ಒಳಗೆ ಇದ್ದರೆ ನಿಶ್ಚಿಂತೆ. 83 ಅಂದರೆ ಒದ್ದಾಟ. ಒಂದೇ ದಾರಿ, ಒಂದೇ ಮರ, ಆದರೂ ಹೋಗೋದಕ್ಕೂ ಬರೋದಕ್ಕೂ 13 ಡಿಬಿ ವ್ಯತ್ಯಾಸ.

(ಇಲ್ಲಿ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಟೈಪಿಂಗ್’ ಅಂತ ಬರುತ್ತಿತ್ತು, ಹೋಗುತ್ತಿತ್ತು.)

ಭಾವ: ಸರಿ. ಆದ್ರೆ ಮೊದಲೂ ಫೋನಿನ ಪವರ್ ಅಷ್ಟೇ ತಾನೇ? ಆಗ ಹೇಗೆ ನಡೀತಿತ್ತು?

ನಾನು: ಒಳ್ಳೇ ಪ್ರಶ್ನೆ. ಮೊದಲು 5ರ ದನಿ ಕಣದಾಚೆಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಹಾಗಾಗಿ ಫೋನ್ ತಾನಾಗಿ 2.4 ಹಿಡೀತಿತ್ತು. ಯಾವುದಕ್ಕೆ ಅಂಟಿಕೊಳ್ಳಬೇಕು ಅಂತ ಕೊನೆಗೆ ತೀರ್ಮಾನಿಸೋದು ಫೋನೇ. ಈಗ 5 ಜೋರಾಗಿ ಕೇಳ್ತಿದೆ, ಅದನ್ನೇ ನಂಬಿ ಕೂತಿದೆ. ಅದರ ಮೇಲೆ ವಿಡ್ತ್ 80. ಫೋನಿನ ಅಷ್ಟೇ ಪವರ್ 20ರ ನಾಲ್ಕು ಪಟ್ಟು ಅಗಲಕ್ಕೆ ಹರಡಿಹೋಗುತ್ತೆ, ಗದ್ದಲ 6 ಡಿಬಿ ಹೆಚ್ಚಾಗುತ್ತೆ. ಹತ್ತಿರ ಕೂತ ನಿಮಗೆ 866 ಬರುತ್ತೆ ನಿಜ. ಆದರೆ ನಾವು ತಿಂಗಳಿಗೆ ದುಡ್ಡು ಕಟ್ಟೋದು 100 ಎಂಬಿಪಿಎಸ್ ಲೈನಿಗೆ. 40 ಇಟ್ಟರೆ ಲಿಂಕ್ 400. ಅದೇ ಧಾರಾಳ.

ಚಿಕ್ಕಪ್ಪ: ಇನ್ನೊಂದು. ಬೆಳಿಗ್ಗೆಯಿಂದ ಕರೆಂಟ್ ಹೋಗಿ ಬಂದಾಗೆಲ್ಲ ವೈಫೈ ಬರೋಕೆ ತುಂಬಾ ಹೊತ್ತು. ಮೊದಲು ಹೀಗಿರಲಿಲ್ಲ.

ನಾನು: ಅದು ಚಾನೆಲ್ 100ರ ಪ್ರಸಾದ ಚಿಕ್ಕಪ್ಪ. 52ರಿಂದ 144ರವರೆಗಿನ ಜಾಗ ರಾಡಾರ್‌ಗಳ ಜೊತೆ ಹಂಚಿಕೊಂಡಿರೋದು. ಪೆಟ್ಟಿಗೆ ಆನ್ ಆದ ಮೇಲೆ ಕಡಿಮೆ ಅಂದರೂ 60 ಸೆಕೆಂಡ್ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಬೇಕು. ರಾಡಾರ್ ಇಲ್ಲ ಅಂತ ಖಾತ್ರಿಯಾದ ಮೇಲೇ ಮಾತು. ಮಧ್ಯೆ ಕೇಳಿಸಿದರೆ ಜಾಗ ಖಾಲಿ ಮಾಡಬೇಕು. ಊರಲ್ಲಿ ಯುಪಿಎಸ್ ಇಲ್ಲದವರಿಗೆ ಈ ಸಹವಾಸ ಬೇಡ. 36 ಹಾಕಿ, ಕಾಯೋ ಕೆಲಸ ಇಲ್ಲ.

ಪುಟ್ಟ (ಭಾವನ ಮಗ): ಮಾವ, ದೇಶ ಅಮೆರಿಕ ಅಂತ ಬದಲಾಯಿಸಿದ್ರೆ ಇನ್ನೂ ಪವರ್ ಸಿಗುತ್ತಂತೆ. ವಿಡಿಯೋದಲ್ಲಿ ನೋಡಿದೆ.

ನಾನು: ಬೇಡ ಪುಟ್ಟ. ಯಾವ ಚಾನೆಲ್‌ಗೆ ಎಷ್ಟು ಪವರ್ ಅಂತ ಪ್ರತಿ ದೇಶಕ್ಕೂ ಅದರದೇ ನಿಯಮ ಇದೆ. ನಮ್ಮಲ್ಲಿ 5 ಗಿಗಾಹರ್ಟ್ಸ್ ಜಾಗವನ್ನು ಲೈಸೆನ್ಸ್ ಇಲ್ಲದೆ ಬಳಸೋಕೆ 2018ರಲ್ಲಿ ದೊಡ್ಡದಾಗಿ ಬಿಟ್ಟುಕೊಟ್ಟರು, ಮಿತಿ ಹಾಕಿಯೇ. ಇಂಡಿಯಾ ಅಂತಲೇ ಇರಲಿ. ಅಮೆರಿಕ ಹಾಕಿದರೆ 2.4ರಲ್ಲಿ 12, 13ನೇ ಚಾನೆಲ್ ಕೂಡ ಮಾಯವಾಗುತ್ತೆ.

ಚಿಕ್ಕಪ್ಪ: ನನ್ನ ಕ್ಯಾಮೆರಾ?

ನಾನು: ಅದು ಹಳೇದು ಚಿಕ್ಕಪ್ಪ, ಡಬ್ಲ್ಯೂಪಿಎ3 ಅದಕ್ಕೆ ಗೊತ್ತಿಲ್ಲ. ಹಳೇ ಡಬ್ಲ್ಯೂಪಿಎ2 ಮತ್ತು 3 ಎರಡೂ ಸೇರಿದ ಆಯ್ಕೆ ಇರುತ್ತೆ, ಅದನ್ನು ಹಾಕಿದರೆ ಬರುತ್ತೆ. 2.4ರಲ್ಲಿ ವಿಡ್ತ್ 20 ಇರಲಿ, ಚಾನೆಲ್ 1, 6, 11ರಲ್ಲಿ ಒಂದು. ಲೈನಿನವರು ಕೊಟ್ಟ ಮೋಡೆಮ್‌ನ ವೈಫೈ ಇನ್ನೂ ಆನ್ ಇದೆ, ಅದು ಕೂತಿರೋದು 6ರಲ್ಲಿ. ಅದನ್ನು ಆಫ್ ಮಾಡಿ. ನಮ್ಮದಕ್ಕೆ ನಾವೇ ಅಡ್ಡ ಬರೋದು ಯಾಕೆ?

ಭಾವ: ಎಲ್ಲಾ ಆಯ್ತು. ನನ್ನ ಹಿಂದಿನ ರೂಮಿಗೆ ಏನು ಗತಿ? ನಿಮಗೆಲ್ಲ ಇದು ಟೈಂಪಾಸ್, ನನಗೆ ಹೊಟ್ಟೆಪಾಡು. ವೈಫೈ ಇಲ್ಲ ಅಂತ ಒಂದು ಸ್ಟಾರ್ ಕೊಟ್ಟು ಹೋಗ್ತಾರೆ.

(ಈ ಮಾತಿನಲ್ಲಿ ನ್ಯಾಯ ಇದೆ. ಆ ರೂಮಿಗೂ ಜಗಲಿಗೂ ನಡುವೆ ಹಳೇ ಕಾಲದ ದಪ್ಪ ಮಣ್ಣಿನ ಗೋಡೆ.)

ನಾನು: ಒಂದು ಪೆಟ್ಟಿಗೆ ಕೂಗಿ ಕೂಗಿ ಮೂರು ಮನೆ ಸಾಕಲ್ಲ ಭಾವ. ಎರಡು ಪೆಟ್ಟಿಗೆ ಇರಲಿ, ಎರಡೂ ಮೆಲ್ಲಗೆ ಮಾತಾಡಲಿ. ಈಗಿರೋದನ್ನು ಹೋಂಸ್ಟೇ ಕಡೆಗೆ ಸರಿಸೋಣ, ಇನ್ನೊಂದು ಚಿಕ್ಕಪ್ಪನ ಮನೇಲಿ. ಆದರೆ ಕಣ ದಾಟಿಸೋಕೆ ತಾಮ್ರದ ಕೇಬಲ್ ಬೇಡ. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಎರಡೂ ಕಡೆ ಸುಟ್ಟುಹೋಗುತ್ತೆ. ಫೈಬರ್ ಎಳೆದು ಎರಡು ತುದಿಗೂ ಕನ್ವರ್ಟರ್ ಹಾಕಿದರೆ ಆಯ್ತು.

ಭಾವ: ಚಿಕ್ಕಪ್ಪನ ಮನೆಗೆ ಎಳೆಯೋ ಫೈಬರ್‌ಗೆ ನಾನ್ಯಾಕೆ ದುಡ್ಡು ಕೊಡಲಿ?

ಚಿಕ್ಕಪ್ಪ: ನಿನ್ನ ಗೆಸ್ಟ್‌ಗಳು ರಾತ್ರಿ ಹನ್ನೆರಡರವರೆಗೆ ಸಿನಿಮಾ ನೋಡೋ ಲೈನಿಗೆ ನಾನು ಕೊಡ್ತಿಲ್ವಾ?

ದೊಡ್ಡಪ್ಪ: ಸಾಕು ನಿಲ್ಸಿ. ಫೈಬರ್ ಮೂರೂ ಮನೆಯದು, ಕಣ ಮೂರೂ ಮನೆಯದು. ಹೊಸ ಪೆಟ್ಟಿಗೆ ಚಿಕ್ಕಪ್ಪ ತಗೊಳ್ಳಲಿ. ಲೈನಿನ ತಿಂಗಳ ಬಿಲ್ಲಲ್ಲಿ ಅರ್ಧ ಹೋಂಸ್ಟೇ ಕಟ್ಟಲಿ. ಪಾಸ್‌ವರ್ಡ್ ಬದಲಾಯಿಸಿ ಒಬ್ಬರ ಹತ್ತಿರ ಮಾತ್ರ ಇರಲಿ.

ಭಾವ: ಅರ್ಧ ಜಾಸ್ತಿ ಆಯ್ತು ಮಾವ.

ದೊಡ್ಡಪ್ಪ: ಸೀಸನ್ ಇಲ್ಲದ ತಿಂಗಳು ಮೂರರಲ್ಲಿ ಒಂದು ಪಾಲು. ಮುಗೀತು.

ಭಾವ: ಸರಿ. 5ಕ್ಕೆ ಚಾನೆಲ್ 36, ವಿಡ್ತ್ 40, ಪವರ್ 17. 2.4ಕ್ಕೆ ಚಾನೆಲ್ 1, ವಿಡ್ತ್ 20. ಮೋಡೆಮ್ ವೈಫೈ ಆಫ್. ಸೆಕ್ಯೂರಿಟಿ 2-3 ಎರಡೂ. ಚಿನ್ನು, ಈಗ ಮಾತಾಡಿ ನೋಡಮ್ಮ.

ಚಿನ್ನು: 2.4ಕ್ಕೆ ಬಂದಿದೆ. ಕೇಳಿಸ್ತಿದೆಯಂತೆ ಭಾವ.

ಚಿಕ್ಕಪ್ಪ: ಕ್ಯಾಮೆರಾ ಇನ್ನೂ ಬಂದಿಲ್ಲ.

ನಾನು: ಅದನ್ನು ಒಂದು ಸಲ ಆಫ್ ಮಾಡಿ ಆನ್ ಮಾಡಬೇಕು.

ಚಿಕ್ಕಪ್ಪ: ಈ ಮಳೆಯಲ್ಲಿ ಗೋಡೌನ್‌ವರೆಗೆ ಹೋಗಲ್ಲಪ್ಪ. ತೋಟದ ರೈಟರ್‌ಗೆ ಫೋನ್ ಮಾಡ್ತೀನಿ.