ಲೇಟೆನ್ಸಿಗೆ ‘ವಿಳಂಬ’ ಎನ್ನಬಹುದೇ? ಚಾನೆಲ್ಲಿಗೆ ‘ವಾಹಿನಿ’ ಒಗ್ಗುತ್ತದೆಯೇ?

ಗೆಳೆಯರೆ,

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಾವು ನಾಲ್ಕೈದು ಮಂದಿ ಮಳೆಗಾಲದ ತಾಳಮದ್ದಳೆ (ವೇಷ, ಕುಣಿತ ಇಲ್ಲದ ಯಕ್ಷಗಾನ) ಕೂಟಗಳಿಗೆ ಧ್ವನಿವ್ಯವಸ್ಥೆ ನೋಡಿಕೊಳ್ಳುತ್ತೇವೆ. ನಮ್ಮ ಜೊತೆ ದುಡಿಯುವ ಹುಡುಗರಿಗಾಗಿ ಒಂದು ಕೈಪಿಡಿ ಬರೆಯಲು ಕೂತಿದ್ದೇನೆ. ಎಂಟು ಮೈಕುಗಳ ದನಿಯನ್ನು ಒಟ್ಟು ಕಲಸದೆ, ಒಂದೊಂದನ್ನೂ ಬೇರೆಯಾಗಿಯೇ ಇಟ್ಟು, ನೆಟ್‌ವರ್ಕ್ ಮೂಲಕ ಆಗಿಂದಾಗಲೇ ಇನ್ನೊಂದು ಸಭಾಂಗಣಕ್ಕೆ ತಲುಪಿಸುವುದು ಹೇಗೆ ಎಂಬುದು ಅದರ ವಿಷಯ. ಹುಡುಗರು ಇಲ್ಲೇ ಹುಟ್ಟಿ ಬೆಳೆದವರು, ಇಂಗ್ಲಿಷಿನಲ್ಲಿ ಕೊಟ್ಟರೂ ಓದಿಯಾರು. ಆದರೆ ಅದೇ ಪುಟಗಳನ್ನು ಪದ್ಯ ಹಾಡುವ ಭಾಗವತರೂ ಮದ್ದಳೆಗಾರರೂ ಓದಬೇಕು, ಓದಿ ನಮ್ಮೊಡನೆ ಮಾತಾಡಬೇಕು ಎಂಬುದು ನನ್ನ ಆಸೆ. ಆದ್ದರಿಂದ ಕನ್ನಡ, ಆದ್ದರಿಂದಲೇ ಈ ಕೇಳಿಕೆ.

ಮೊದಲು ‘ವಿಳಂಬ’ದ ವಿಷಯ. ಲೇಟೆನ್ಸಿ ಅಂದರೆ ಇಲ್ಲಿ ಹೊರಟ ದನಿ ಅಲ್ಲಿ ಕೇಳಿಸುವವರೆಗೆ ಹಿಡಿಯುವ ಹೊತ್ತು. ಕೈಪಿಡಿಯ ಮೊದಲ ಕರಡಿನಲ್ಲಿ ನಾನು ಎಲ್ಲ ಕಡೆ ‘ವಿಳಂಬ’ ಎಂದೇ ಬರೆದಿದ್ದೆ. ಪತ್ರಿಕೆಯಲ್ಲಿ ಕಾಮಗಾರಿ ವಿಳಂಬ, ರೈಲು ವಿಳಂಬ ಎಂದೆಲ್ಲ ದಿನವೂ ಓದುವವರಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ.

ಕಳೆದ ಆಷಾಢದಲ್ಲಿ ಹಳಿ ಮೇಲೆ ನೀರು ನಿಂತು ಲೋಕಲ್ ರೈಲುಗಳು ಓಡದ ಒಂದು ದಿನ ನಮ್ಮ ಮದ್ದಳೆಗಾರರು ಗೋರೆಗಾಂವಿನ ಮನೆಯಲ್ಲೇ ಉಳಿದುಬಿಟ್ಟರು. ಭಾಗವತರು ಡೊಂಬಿವಲಿಯಲ್ಲಿ. ಎರಡು ಕಡೆಯನ್ನೂ ಇಂಟರ್‌ನೆಟ್ಟಿನಲ್ಲಿ ಜೋಡಿಸಿ ಒಂದು ಪದ್ಯವನ್ನಾದರೂ ಹಾಡಿ ನೋಡೋಣ ಎಂದು ಕೂತೆವು. ತಡ ಏರುತ್ತಿರುವುದು ಪರದೆಯ ಮೇಲೆ ಕಾಣುತ್ತಿತ್ತು. ನಾನು ಮದ್ದಳೆಗಾರರ ಕಿವಿಗೆ, “ವಿಳಂಬ ಜಾಸ್ತಿ ಆಗ್ತಾ ಇದೆ” ಎಂದೆ. ಅವರು ತಕ್ಷಣ ನಡೆಯನ್ನು ಬಿಗಿ ಮಾಡಿದರು. ಗತಿ ಜಗ್ಗುತ್ತಿದೆ, ಓಡಿಸಿ ಎಂದು ನಾನು ಹೇಳಿದೆನೆಂದೇ ಅವರು ತಿಳಿದದ್ದು. ಭಾಗವತರು ಇನ್ನೂ ಹಳೆಯ ನಡೆಯಲ್ಲೇ ಇದ್ದರು. ಎರಡು ಆವರ್ತನದೊಳಗೆ ತಾಳ ಕೈಬಿಟ್ಟಿತು.

ಅವರ ಕಿವಿಗೆ ಅದು ಸರಿಯಾದ ಅರ್ಥವೇ. ವಿಳಂಬ, ಮಧ್ಯಮ, ದ್ರುತ ಎನ್ನುವುದು ಹಾಡುವವರಿಗೂ ಬಾರಿಸುವವರಿಗೂ ಕಾಲದ ಮೂರು ಹೆಸರು. ಹಿಂದೂಸ್ತಾನಿಯವರ ‘ವಿಲಂಬಿತ’ವೂ ಅದೇ. ಮೂಲದಲ್ಲಿ ‘ಲಂಬ್’ ಎಂದರೆ ಜೋತು ಬೀಳುವುದು, ತೂಗುವುದು. ‘ಅವಲಂಬ’, ‘ಆಲಂಬನ’ಗಳಲ್ಲಿ ಇರುವ ಧಾತುವೇ ಇದು. ಜೋತುಬಿದ್ದ ನಡೆ ನಿಧಾನದ ನಡೆ, ಜೋತುಬಿದ್ದ ಕೆಲಸ ತಡವಾದ ಕೆಲಸ. ಎರಡೂ ಅರ್ಥ ಸಹಜವಾಗಿಯೇ ಬಂದಿವೆ, ಯಾವುದನ್ನೂ ತಪ್ಪೆನ್ನುವಂತಿಲ್ಲ.

ಒಂದು ಪದಕ್ಕೆ ಎರಡು ಅರ್ಥ ಇರುವುದು ಹೊಸದಲ್ಲ, ಸಂದರ್ಭದಿಂದ ತಿಳಿಯುತ್ತದಲ್ಲ ಎಂದು ನೀವು ಕೇಳಬಹುದು. ಇಲ್ಲಿ ತಿಳಿಯುವುದಿಲ್ಲ, ಯಾಕೆಂದರೆ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ. ದೂರ ಕೂತ ಇಬ್ಬರು ಕಲಾವಿದರ ನಡುವಿನ ತಡ 25–30 ಮಿಲಿಸೆಕೆಂಡ್ ದಾಟಿತೆಂದರೆ ಇವರು ಅವರಿಗಾಗಿ ಕಾಯುತ್ತಾರೆ, ಅವರು ಇವರಿಗಾಗಿ ಕಾಯುತ್ತಾರೆ, ಇಬ್ಬರಿಗೂ ಗೊತ್ತಾಗದಂತೆ ನಡೆ ನಿಧಾನವಾಗುತ್ತ ಹೋಗುತ್ತದೆ. ಕೈಪಿಡಿಯಲ್ಲಿ ಹುಡುಗರಿಗೆ ಮುಖ್ಯವಾಗಿ ತಿಳಿಯಬೇಕಾದದ್ದು ಇದೇ. ನನ್ನ ಕರಡಿನಲ್ಲಿ ಅದು ಹೀಗಿತ್ತು: ‘ವಿಳಂಬ ಹೆಚ್ಚಾದರೆ ವಿಳಂಬವಾಗುತ್ತದೆ.’ ಕಾರಣಕ್ಕೂ ಪರಿಣಾಮಕ್ಕೂ ಒಂದೇ ಹೆಸರು. ಹಾಗೆ ಬರೆದ ಪುಟವನ್ನು ಯಾರ ಕೈಗೂ ಕೊಡಲಾರೆ.

‘ಸುಪ್ತತೆ’ ಎಂಬುದನ್ನೂ ಅಲ್ಲಲ್ಲಿ ಕಂಡಿದ್ದೇನೆ. ಲ್ಯಾಟಿನ್ ಮೂಲಕ್ಕೆ ಅಡಗಿರುವುದು ಎಂಬ ಅರ್ಥವಿದೆ, ಅದನ್ನು ಹಿಡಿದು ಕಟ್ಟಿದ ಪದ. ದಾರಿಯಲ್ಲಿರುವ ದನಿ ಮಲಗಿಲ್ಲ, ನಡೆಯುತ್ತಿದೆ. ನನಗೆ ಇದು ಬೇಡ.

ಬರೀ ‘ತಡ’ ಸಾಕೇ? ಬಹುತೇಕ ಸಾಕು. ಆದರೆ ಧ್ವನಿಯ ಕೆಲಸದಲ್ಲಿ ಇನ್ನೊಂದು ತಡವಿದೆ. ಉದ್ದನೆಯ ಸಭಾಂಗಣದಲ್ಲಿ ವೇದಿಕೆಯಿಂದ 17 ಮೀಟರ್ ಹಿಂದೆ ಸ್ಪೀಕರ್ ನಿಲ್ಲಿಸಿದರೆ, ವೇದಿಕೆಯ ದನಿ ಗಾಳಿಯಲ್ಲಿ ಅಲ್ಲಿಗೆ ಬರಲು ಸುಮಾರು 50 ಮಿಲಿಸೆಕೆಂಡ್ ಬೇಕು. ಹಾಗಾಗಿ ಆ ಸ್ಪೀಕರನ್ನು ನಾವೇ ಅಷ್ಟು ಹೊತ್ತು ತಡೆದು ಬಿಡುತ್ತೇವೆ, ಇಲ್ಲದಿದ್ದರೆ ಹಿಂದಿನ ಸಾಲಿನವರಿಗೆ ಮಾತು ಎರಡೆರಡು ಬಾರಿ ಕೇಳುತ್ತದೆ. ಇದು ಡಿಲೇ, ಬೇಕೆಂದೇ ಇಟ್ಟದ್ದು. ಲೇಟೆನ್ಸಿ ಬೇಡವೆಂದರೂ ಬರುವುದು. ನಾನು ಈಗ ಬರೆದುಕೊಂಡಿರುವುದು ಮೊದಲನೆಯದಕ್ಕೆ ‘ಇಟ್ಟ ತಡ’, ಎರಡನೆಯದಕ್ಕೆ ‘ದಾರಿತಡ’.

‘ದಾರಿತಡ’ ನನಗೆ ಹೊಳೆದದ್ದು ಆ ಮದ್ದಳೆಗಾರರೊಡನೆ ಮಾತಾಡುವಾಗಲೇ. ಮಿಲಿಸೆಕೆಂಡಿನ ಲೆಕ್ಕ ಅವರಿಗೆ ಹಿಡಿಸಲಿಲ್ಲ. ಗಾಳಿಯಲ್ಲಿ ದನಿ 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಹಾಗೆ ನೋಡಿದರೆ ಒಂದು ಮಾರು, ಅಂದರೆ ಚಾಚಿದ ಎರಡು ಕೈಗಳಷ್ಟು ದೂರಕ್ಕೆ ಸುಮಾರು 5 ಮಿಲಿಸೆಕೆಂಡ್. “30 ಅಂದರೆ ನೀವು ಭಾಗವತರಿಂದ ಆರು ಮಾರು ಆಚೆ ಕೂತು ಬಾರಿಸಿದ ಹಾಗೆ” ಎಂದೆ. “ಹಾಗೆ ಹೇಳಿ ಮತ್ತೆ! ಆರು ಮಾರು ಆಚೆ ಕೂತು ಯಾರು ಮದ್ದಳೆ ಬಾರಿಸ್ತಾರೆ?” ಎಂದರು. ಅಂದಿನಿಂದ ನಮ್ಮಲ್ಲಿ ತಡವನ್ನು ಮಾರಿನಲ್ಲೇ ಹೇಳುವ ರೂಢಿಯಾಗಿದೆ. ದನಿಯನ್ನು ನೆಟ್‌ವರ್ಕಿಗೆಂದು ಕುಗ್ಗಿಸಿ ಕಟ್ಟುವ ಓಪಸ್ ಕೋಡೆಕ್ ತನ್ನ ಸಹಜ ಹೊಂದಿಕೆಯಲ್ಲಿ ತಾನೊಂದೇ 26.5 ಮಿಲಿಸೆಕೆಂಡ್ ತಿನ್ನುತ್ತದೆ: ಐದು ಮಾರು, ದನಿ ಇನ್ನೂ ಮನೆ ದಾಟಿಲ್ಲ. ಅದರ ಚೌಕಟ್ಟನ್ನು, ಅಂದರೆ ಅದು ಒಂದು ಸಲಕ್ಕೆ ಕಟ್ಟುವ ದನಿಯ ತುಂಡನ್ನು, 20 ಮಿಲಿಸೆಕೆಂಡಿನಿಂದ 5ಕ್ಕೆ ಇಳಿಸಿದಾಗ ಎಷ್ಟು ಮಾರು ಹತ್ತಿರ ಬಂದೆವು ಎಂಬುದು ಕಲಾವಿದರಿಗೂ ತಟ್ಟನೆ ತಿಳಿಯುತ್ತದೆ.

ಇನ್ನು ‘ವಾಹಿನಿ’. ಚಾನೆಲ್ ಅಂದರೆ ಇಲ್ಲಿ ಬೇರೆಯಾಗಿಯೇ ಇಟ್ಟ ಒಂದೊಂದು ಮೈಕಿನ ದನಿ. ‘ತಾಳಮದ್ದಳೆ ಎಂಟು ವಾಹಿನಿಗಳಲ್ಲಿ ನೇರಪ್ರಸಾರ’ ಎಂದು ಬರೆದರೆ ಕನ್ನಡ ಓದುವ ಯಾರಾದರೂ ಎಂಟು ಟಿವಿ ಚಾನೆಲ್ ಎಂದೇ ತಿಳಿಯುತ್ತಾರೆ. ಆ ಪದ ಈಗ ಪೂರ್ತಿ ಟಿವಿಯವರ ಸ್ವತ್ತು. ‘ಚಾನೆಲ್’ ಎಂದೇ ಇಟ್ಟರೂ ಅದೇ ತೊಡಕು. ನನ್ನ ಮನಸ್ಸು ‘ಎಳೆ’ಯ ಕಡೆಗಿದೆ. ಎರಡೆಳೆ ಸರ, ಮೂರೆಳೆ ಜನಿವಾರ ಎನ್ನುತ್ತೇವಲ್ಲ. ಎಳೆಗಳು ಬೇರೆಬೇರೆಯಾಗಿಯೇ ಇದ್ದು ಎರಡು ತುದಿಗಳಲ್ಲಿ ಒಟ್ಟು ಸೇರುತ್ತವೆ. ನಮ್ಮ ಎಂಟು ಮೈಕುಗಳ ಸ್ಥಿತಿಯೂ ಹಾಗೆಯೇ. ‘ಎಂಟೆಳೆ ದನಿ’ ಹೇಳಲೂ ಸುಲಭ. ಪ್ರೋಗ್ರಾಮಿಂಗಿನ ಥ್ರೆಡ್‌ಗೂ ‘ಎಳೆ’ ಬಳಸುವವರಿದ್ದಾರೆ ಎಂಬ ಆಕ್ಷೇಪ ಗೊತ್ತು. ಒಂದೇ ಪುಟದಲ್ಲಿ ಅವೆರಡೂ ಎದುರಾಗುವುದು ಅಪರೂಪ ಎಂದು ನನ್ನ ಎಣಿಕೆ.

ಆದರೆ ಎಳೆಯಲ್ಲೂ ಎರಡು ಬಗೆ ಇದೆ, ಅಲ್ಲಿಯೇ ನನಗೆ ನಿಮ್ಮ ನೆರವು ಹೆಚ್ಚು ಬೇಕು. ಸಿನಿಮಾ ಮಂದಿರದ 5.1 (ಆರೆಳೆ) ಅಥವಾ 7.1 (ಎಂಟೆಳೆ) ಧ್ವನಿವ್ಯವಸ್ಥೆಯಲ್ಲಿ ಪ್ರತಿ ಎಳೆಗೂ ಒಂದು ಜಾಗ ಉಂಟು: ಮುಂದಿನ ಎಡ, ನಡು, ಹಿಂದಿನ ಬಲ ಹೀಗೆ. ಒಂದು ಎಳೆ ಬರೀ ತಗ್ಗು ದನಿಗೆ, ಅಂದರೆ ಗುಡುಗು, ಸ್ಫೋಟಗಳಿಗೆ ಮೀಸಲು. ನಮ್ಮ ಎಂಟು ಎಳೆಗಳಿಗೆ ಅಂಥ ಜಾಗವಿಲ್ಲ. ಭಾಗವತರು, ಮದ್ದಳೆ, ಚೆಂಡೆ, ಪಾತ್ರವಾಗಿ ಮಾತಾಡುವ ಐವರು ಅರ್ಥಧಾರಿಗಳು, ಅಷ್ಟೇ. ಓಪಸ್‌ನಲ್ಲಿ ಇದಕ್ಕೆ ಮ್ಯಾಪಿಂಗ್ ಫ್ಯಾಮಿಲಿ ಎಂಬ ಸಂಖ್ಯೆ ಕೊಡಬೇಕು. 1 ಎಂದರೆ ಜಾಗವಿರುವ ಎಳೆಗಳು, 255 ಎಂದರೆ ಒಂದಕ್ಕೊಂದು ಸಂಬಂಧ ಹೇಳದ ಬಿಡಿ ಎಳೆಗಳು. ಒಂದು ಕೂಟದಲ್ಲಿ ನಾವು 1 ಎಂದು ಕೊಟ್ಟುಬಿಟ್ಟಿದ್ದೆವು. ಆ ಕ್ರಮದಲ್ಲಿ ಎಂಟನೆಯದು ತಗ್ಗು ದನಿಯ ಎಳೆ. ಎಂಟನೆಯ ಮೈಕಿನಲ್ಲಿದ್ದ ಅರ್ಥಧಾರಿಯ ಮಾತು ಅಲ್ಲಿ ಗೋಡೆಯಾಚೆ ಯಾರೋ ಗೊಣಗಿದ ಹಾಗೆ ಕೇಳಿಸಿತು. ಭೀಷ್ಮನ ಅರ್ಥ, ಅದೂ ಅಷ್ಟು ಚೆನ್ನಾಗಿ ಹೇಳಿದ್ದರು. ದೂರದಲ್ಲಿ ಕೂತು ಕೇಳಿದವರಿಗೆ ಅದು ದಕ್ಕಲಿಲ್ಲ ಎಂಬ ನೋವು ನನಗೆ ಇನ್ನೂ ಇದೆ.

ಎಳೆಗಳ ಕ್ರಮವೂ ಎಲ್ಲ ಕಡೆ ಒಂದೇ ಅಲ್ಲ. ಆರೆಳೆಯ ವೇವ್ (WAV) ಧ್ವನಿ ಕಡತದಲ್ಲಿ ಎಡ, ಬಲ, ನಡು, ತಗ್ಗು, ಹಿಂದಿನ ಎಡ, ಹಿಂದಿನ ಬಲ. ಓಪಸ್‌ನ ಜಾಗದ ಕ್ರಮದಲ್ಲಿ ಎಡ, ನಡು, ಬಲ, ಹಿಂದಿನ ಎಡ, ಹಿಂದಿನ ಬಲ, ತಗ್ಗು. ಹುಡುಗರಿಗೆ ಇದನ್ನು ಹೇಳಿಕೊಡಲು ‘ಜಾಗದೆಳೆ’, ‘ಬಿಡಿಯೆಳೆ’ ಎಂದು ಬರೆದಿದ್ದೇನೆ. ‘ಬಿಡಿಯೆಳೆ’ ಸಲೀಸಾಗಿದೆ. ‘ಜಾಗದೆಳೆ’ ನಾಲಿಗೆಗೆ ತೊಡರುತ್ತದೆ. ‘ನೆಲೆಯೆಳೆ’ ಆದೀತೇ?

ಬಫರಿಗೆ ಪದ ಹುಡುಕುವ ಕಷ್ಟವೇ ಬರಲಿಲ್ಲ. ಮುಂಬಯಿಯಲ್ಲಿ ನಲ್ಲಿಗೆ ನೀರು ಬಿಡುವುದು ದಿನಕ್ಕೆ ಕೆಲವೇ ಗಂಟೆ, ಮೇಲಿನ ಟಾಕಿ ತುಂಬಿದ್ದರೆ ಮನೆಯಲ್ಲಿ ಅದು ಗೊತ್ತಾಗುವುದಿಲ್ಲ. ದನಿಯನ್ನು ತುಂಡುತುಂಡಾಗಿ ಹೊತ್ತು ತರುವ ಪ್ಯಾಕೆಟ್ಟುಗಳು ಹೇಗೆ ಬಂದರೂ ದನಿ ಒಂದೇ ಸಮನೆ ಹರಿಯಲು ಇಡುವ ಬಫರೂ ಅಂಥದ್ದೇ. ಹುಡುಗರು ಮರಾಠಿ ಬಳಕೆಯಂತೆ ‘ಟಾಕಿ’ ಎನ್ನುತ್ತಾರೆ, ನಾನು ‘ತೊಟ್ಟಿ’ ಎಂದು ಬರೆದಿದ್ದೇನೆ. ತೊಟ್ಟಿ ದೊಡ್ಡದಾದಷ್ಟು ದನಿ ಕಡಿದುಹೋಗುವುದು ಕಡಿಮೆ, ದಾರಿತಡ ಹೆಚ್ಚು. ಜಿಟರ್‌ಗೆ ‘ತಡದ ಏರುಪೇರು’ ಸಾಕು, ಒಂಟಿ ಪದ ಬೇಕೆಂದಿಲ್ಲ.

ಕೊನೆಗೆ ಸಿಂಕ್, ಅಂದರೆ ಎರಡು ಕಡೆಯ ದನಿ ಒಂದೇ ಕಾಲಕ್ಕೆ ನಡೆಯುವಂತೆ ಮಾಡುವುದು. ಎರಡು ಊರಿನ ಎರಡು ಸೌಂಡ್ ಕಾರ್ಡುಗಳೂ ಸೆಕೆಂಡಿಗೆ ದನಿಯ 48,000 ಮಾದರಿ (ಸ್ಯಾಂಪಲ್) ಎನ್ನುತ್ತವೆ. ಅವುಗಳ ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಗೆ 180 ಮಿಲಿಸೆಕೆಂಡ್ ಹಿಂದುಮುಂದಾಗುತ್ತದೆ. ಇದನ್ನು ಸರಿಹೊಂದಿಸುವ ಕೆಲಸಕ್ಕೆ ಮರಾಠಿಯವರ ‘ತಾಳಮೇಳ’ ಬಾಯಿಗೆ ಬರುತ್ತದೆ. ತಾಳವೂ ಮೇಳವೂ ಬೇರೆಯೇ ಅರ್ಥದಲ್ಲಿ ದಿನವೂ ಓಡಾಡುವ ನಮ್ಮ ಕೂಟದಲ್ಲಿ ಅದು ಮತ್ತೊಂದು ‘ವಿಳಂಬ’ವಾದೀತೆಂಬ ಅಂಜಿಕೆ ನನಗೆ. ಸದ್ಯಕ್ಕೆ ‘ಗಡಿಯಾರ ಹೊಂದಿಕೆ’.

ಊರಿನ ಕಡೆ ಮೇಳಗಳಿಗೆ ಮೈಕು ಕಟ್ಟುವವರು, ಆಕಾಶವಾಣಿಯಲ್ಲಿ ದುಡಿದವರು ಈ ಪಟ್ಟಿಯಲ್ಲಿದ್ದರೆ ದಯವಿಟ್ಟು ಹೇಳಿ: ದನಿ ತಡವಾಗಿ ಬಂದಾಗ ನೀವು ಒಬ್ಬರಿಗೊಬ್ಬರು ಏನೆಂದು ಕೂಗಿ ಹೇಳುತ್ತೀರಿ? ಬರೆಯುವ ಪದವಲ್ಲ, ಕೂಗುವ ಪದ ಬೇಕು. ಅದು ‘ದಾರಿತಡ’ಕ್ಕಿಂತ ಚೆನ್ನಾಗಿದ್ದರೆ ನನ್ನದನ್ನು ಹೊಡೆದುಹಾಕಿ ಅದನ್ನೇ ಬರೆದುಕೊಳ್ಳುತ್ತೇನೆ. ನಾಗರಪಂಚಮಿಯ ಹೊತ್ತಿಗೆ ಮುಂದಿನ ಕೂಟ, ಅಷ್ಟರೊಳಗೆ ಪುಟಗಳು ಹುಡುಗರ ಕೈಯಲ್ಲಿರಬೇಕು.