ಪದ ಬೇಕು: ಫೋಟೋದಲ್ಲಿ ಬರುವ ‘ನಾಯ್ಸ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ರಾತ್ರಿ ತೆಗೆದ ಕಪ್ಪೆಗಳ ಫೋಟೋ ಪ್ರದರ್ಶನಕ್ಕೆ ಬೋರ್ಡು ಬರೆಯುತ್ತಿದ್ದೇನೆ. ನಾಳೆ ಮಧ್ಯಾಹ್ನ ಫ್ಲೆಕ್ಸ್‌ನವರಿಗೆ ಕೊಡಬೇಕು. ಸಾಲು ಹೀಗಿದೆ: “ಐಎಸ್‌ಒ ಏರಿಸಿದಷ್ಟೂ ಚಿತ್ರದಲ್ಲಿ ನಾಯ್ಸ್ ಜಾಸ್ತಿ.” (ಐಎಸ್‌ಒ ಅಂದರೆ ಚಿತ್ರದ ಹೊಳಪು ಏರಿಸುವ ಕ್ಯಾಮೆರಾ ಸೆಟ್ಟಿಂಗ್. ನಾಯ್ಸ್ ಅಂದರೆ ಕತ್ತಲಲ್ಲಿ ತೆಗೆದ ಫೋಟೋದಲ್ಲಿ ಕಾಣುವ ಚುಕ್ಕಿಚುಕ್ಕಿ.) ‘ಶಬ್ದ’ ಅಂತ ಬರೆದರೆ ಜನ ಕಪ್ಪೆ ವಟಗುಟ್ಟಿದ್ದು ಅಂದುಕೊಳ್ಳುತ್ತಾರೆ. ‘ಗದ್ದಲ’ ನಡೆಯುತ್ತದಾ? ಅಥವಾ ‘ಕಾಳು’?

* * *

ಗದ್ದಲ ಬೇಡ ಮೇಡಂ. ಗದ್ದಲಕ್ಕೆ ಜನ ಬೇಕು.

ತಮಿಳಿನಲ್ಲಿ ಇದಕ್ಕೆ ‘ಇರೈಚ್ಚಲ್’ ಅನ್ನುತ್ತಾರೆ. ಅದೇ ನಮ್ಮ ‘ಎರಚಲು’. ಮಳೆಗಾಲದಲ್ಲಿ ಗಾಳಿ ಬೀಸಿದಾಗ ಜಗಲಿಯೊಳಗೆ ಹನಿ ಹನಿಯಾಗಿ ಹೊಡೆಯುತ್ತದಲ್ಲ, ಅದು. ಫೋಟೋದ ಕತ್ತಲ ಭಾಗದಲ್ಲಿ ಕಾಣುವುದೂ ಥೇಟ್ ಹಾಗೇ ಅಲ್ವಾ? ಅಚ್ಚಗನ್ನಡ ಪದ ಮನೆಯಲ್ಲೇ ಇದೆ. ಹೊರಗೆ ಹುಡುಕುವುದು ಯಾಕೆ?

* * *

ತಪ್ಪು. ಇರೈಚ್ಚಲ್‌ನಲ್ಲಿರುವುದು ಸಾದಾ ರ. ಅರ್ಥ ಮೊರೆತ, ಸದ್ದು. ಚೆಲ್ಲುವ, ಎರಚುವ ‘ಇಱೈ’ ಬೇರೆ, ಅಲ್ಲಿ ಶಕಟರೇಫ, ಅಂದರೆ ಕನ್ನಡದಲ್ಲಿ ಈಗ ಬಿಟ್ಟುಹೋದ ಗಡಸು ‘ಱ’. ನಮ್ಮ ‘ಎರಚು’ ಈ ಎರಡನೆಯದರ ಬಳಗ. ಕಿವಿಗೆ ಒಂದೇ ಥರ ಕೇಳಿತು ಅಂತ ನೆಂಟಸ್ತನ ಬೆಳೆಸಬೇಡಿ.

‘ಕಾಳು’ ಫಿಲ್ಮಿಗೆ ಬಿಡಿ. ಅಲ್ಲಿ ನಿಜವಾಗಿಯೂ ಬೆಳ್ಳಿಯ ಕಣ ಇತ್ತು. ಡಿಜಿಟಲ್ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನಲ್ಲಿ ಯಾವ ಕಾಳೂ ಇಲ್ಲ.

* * *

ಪದ ಆಮೇಲೆ ನೋಡೋಣ. ಮೇಡಂ, ನಿಮ್ಮ ಸಾಲೇ ಸರಿಯಿಲ್ಲ.

ಐಎಸ್‌ಒ ಅಂದರೆ ರೇಡಿಯೋದ ವಾಲ್ಯೂಮ್ ಇದ್ದ ಹಾಗೆ. ಸೆನ್ಸರಿಗೆ ಬಂದದ್ದನ್ನು ಜೋರು ಮಾಡುತ್ತದೆ, ಅಷ್ಟೇ. ಅದನ್ನು ಏರಿಸಿದಾಗ ಒಳಗೆ ಬೀಳುವ ಬೆಳಕು ಹೆಚ್ಚುವುದಿಲ್ಲ. ತೊಂದರೆಯ ಬೇರು ಇರುವುದು ಬೆಳಕಿನ ಕೊರತೆಯಲ್ಲಿ. ಬೆಳಕಿನ ಕಣಗಳು, ಅಂದರೆ ಫೋಟಾನುಗಳು, ಸಾಲಾಗಿ ಬರುವುದಿಲ್ಲ, ಮಳೆಹನಿ ಬಿದ್ದ ಹಾಗೆ ಬೀಳುತ್ತವೆ. ಒಂದು ಪಿಕ್ಸೆಲ್‌ಗೆ ಸರಾಸರಿ 10,000 ಬಿದ್ದರೆ ಏರುಪೇರು ಸುಮಾರು 100, ನೂರಕ್ಕೆ ಒಂದು ಪಾಲು. ಕಣ್ಣಿಗೆ ಕಾಣದು. ಬರೀ 100 ಬಿದ್ದರೆ ಏರುಪೇರು 10, ನೂರಕ್ಕೆ ಹತ್ತು ಪಾಲು. ಒಂದೇ ಬಣ್ಣದ ಎಲೆಯ ಮೇಲೆ ಪಕ್ಕಪಕ್ಕದ ಚುಕ್ಕಿಗಳು ಬೇರೆಬೇರೆ ಹೊಳಪು ತೋರುವುದು ಇದಕ್ಕೇ. ಇದರ ಮೇಲೆ ಸೆನ್ಸರ್ ಓದುವಾಗಿನ ಹೆಚ್ಚುಕಮ್ಮಿ, ಬಿಸಿಗೆ ತಾನೇ ಹುಟ್ಟುವ ಎಲೆಕ್ಟ್ರಾನು. ಅವೂ ಸೇರುತ್ತವೆ.

ಹೆಸರಿನ ವಿಷಯ ಹೇಳುವುದಾದರೆ, ಇಂಥದ್ದೇ ಏರುಪೇರನ್ನು ಜರ್ಮನ್ ಭೌತವಿಜ್ಞಾನಿ ವಾಲ್ಟರ್ ಶಾಟ್ಕಿ 1918ರಲ್ಲಿ ರೇಡಿಯೋ ವಾಲ್ವಿನ ಕರೆಂಟಿನಲ್ಲಿ ವಿವರಿಸಿದ. ಜರ್ಮನ್ನಿನಲ್ಲಿ ಅವನು ಇಟ್ಟ ಹೆಸರಿನಲ್ಲಿರುವ ‘ಶ್ರೋಟ್’ ಅಂದರೆ ಕೋವಿಯ ಚರೆ. ಆ ಕರೆಂಟನ್ನು ಜೋರು ಮಾಡಿ ಸ್ಪೀಕರಿಗೆ ಕೊಟ್ಟರೆ ಸದ್ದೇ ಕೇಳುತ್ತದೆ. ಕಿವಿಯ ಹೆಸರು ಹಾಗೇ ಕಣ್ಣಿಗೂ ಅಂಟಿಕೊಂಡಿತು.

ನಾನಾದರೆ ‘ತರಿ’ ಅನ್ನುತ್ತೇನೆ. ಸರಿಯಾಗಿ ರುಬ್ಬದ ಚಟ್ನಿ ತರಿತರಿ. ನುಣ್ಣಗಿರಬೇಕಾದದ್ದು ಹಾಗಿಲ್ಲ ಅನ್ನುವ ದೂರು ಆ ಮಾತಿನಲ್ಲೇ ಇದೆ. ಕಲರ್ ನಾಯ್ಸ್‌ಗೆ ‘ಬಣ್ಣದ ತರಿ’.

* * *

ಹಾಗಾದರೆ ಆಡಿಯೋ ರೆಕಾರ್ಡಿಂಗಿನ ನಾಯ್ಸ್‌ಗೂ ತರಿನಾ ಸರ್? ಒಂದು ಇಂಗ್ಲಿಷ್ ಪದಕ್ಕೆ ಎರಡು ಕನ್ನಡ ಪದ ಮಾಡಿದರೆ ಪಠ್ಯಪುಸ್ತಕ ಬರೆಯುವವರ ಗತಿ? ಸುಮ್ನೆ ನಾಯ್ಸ್ ಅನ್ನಿ. ಕ್ಯಾಮೆರಾ, ಲೆನ್ಸ್, ಫ್ಲೆಕ್ಸ್ ಎಲ್ಲ ಒಳಗೆ ಬಂದಿವೆ. ಈ ಒಂದಕ್ಕೆ ಮಾತ್ರ ಮಡಿ ಯಾಕೆ? ಮೊದಲ ಸಾಲಲ್ಲೇ ‘ಅರ್ಜೆಂಟ್’ ಬರೆದವರಿಗೆ ನಾಯ್ಸ್ ಚುಚ್ಚಿತೇ?

* * *

ಮಡಿಯಲ್ಲ. ವಸ್ತುವಿನ ಜೊತೆ ಹೆಸರು ಬಂದರೆ ಬರಲಿ, ಕ್ಯಾಮೆರಾ ನಾವು ಮಾಡಿದ್ದಲ್ಲ. ಕಣ್ಣಿಗೆ ಕಾಣುವ ಗುಣಕ್ಕೂ ಸಾಲ ತರಬೇಕೇ? ಇನ್ನು ಒಂದಕ್ಕೆ ಎರಡು ಪದ ಇದ್ದರೆ ಏನು ನಷ್ಟ? ನಾವು ಅಕ್ಕಿ, ಅನ್ನ ಅಂತ ಬೇರೆ ಮಾಡುತ್ತೇವೆ. ಇಂಗ್ಲಿಷಿನವರು ಎರಡಕ್ಕೂ ರೈಸ್ ಅನ್ನುತ್ತಾರೆ.

* * *

ಎಲ್ಲರಿಗೂ ಥ್ಯಾಂಕ್ಸ್ (ಇದಕ್ಕೂ ಬೈಯಬೇಡಿ). ಸಾಲು ಬದಲಾಯಿಸಿದೆ: “ಬೆಳಕು ಕಡಿಮೆಯಾದಷ್ಟೂ ಚಿತ್ರ ತರಿತರಿಯಾಗುತ್ತದೆ. ಕ್ಯಾಮೆರಾದವರು ಇದನ್ನು ನಾಯ್ಸ್ ಅನ್ನುತ್ತಾರೆ.” ಫ್ಲೆಕ್ಸಿಗೆ ಹೋಯಿತು.

* * *

ಬೋರ್ಡು ಹೋಗಲಿ. ಶಕಟರೇಫದ ಮಾತು ಇನ್ನೂ ಮುಗಿದಿಲ್ಲ. ನಮ್ಮ ಕಡೆ ‘ಇರಚಲು’ ಅಂತಲೂ ಅನ್ನುತ್ತಾರೆ. ಆ ‘ಇ’ ಎಲ್ಲಿಂದ ಬಂತು ಸ್ವಾಮಿ?