ಲ್ಯಾಪ್‌ಟಾಪ್ ಮೇಲೆ ಕೂಲರ್ ನೀರು ಬಿದ್ದಿದೆ, ಟ್ಯಾಲಿ ಡೇಟಾ ಒಳಗಿದೆ. ಬದಲಿಗೆ ಸಣ್ಣ ಪಿಸಿ ಯಾವುದು ತಗೊಳ್ಳಲಿ?

ಗಂಜ್ ಲೆಕ್ಕ (ಕಲಬುರಗಿ)

ನಮಸ್ಕಾರ ಎಲ್ಲರಿಗೂ. ನೆಹರು ಗಂಜ್‌ನ ಕೆಲವು ಅಡತ್ ಅಂಗಡಿ, ಒಂದೆರಡು ದಾಲ್ ಮಿಲ್‌ಗಳ ಲೆಕ್ಕ ಮನೆಯಿಂದಲೇ ನೋಡಿಕೊಳ್ಳುತ್ತೇನೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್, ಇಷ್ಟೇ ಕೆಲಸ. ನಿನ್ನೆ ಮಧ್ಯಾಹ್ನ ಕೂಲರ್‌ಗೆ ನೀರು ಬಿಟ್ಟಿದ್ದ ಪೈಪ್ ಟ್ಯಾಂಕಿನಿಂದ ಜಾರಿ ನೇರ ಟೇಬಲ್ ಮೇಲೆ ಬಿತ್ತು. ಕೀಬೋರ್ಡ್ ತುಂಬ ನೀರು. ಸ್ಕ್ರೀನ್ ಒಮ್ಮೆ ಮಿಣುಕಿ ಆರಿತು, ಆಮೇಲೆ ಫ್ಯಾನ್ ಸದ್ದೂ ಇಲ್ಲ. ಒರೆಸಿ ಬೋರಲು ಹಾಕಿ ಇಟ್ಟಿದ್ದೇನೆ. ಅತ್ತೆ ಅಕ್ಕಿ ಡಬ್ಬಿಯಲ್ಲಿ ಹೂತಿಡು ಅಂತಾರೆ, ಪಕ್ಕದ ಮನೆ ಹುಡುಗ ಹೇರ್ ಡ್ರೈಯರ್ ಹಿಡೀರಿ ಅಂತಾನೆ.

ಸರ್ವಿಸ್ ಸೆಂಟರ್‌ಗೆ ಒಯ್ದರೆ ತಿರುಗಿಸಿ ಮುರುಗಿಸಿ ನೋಡಿ, ಬಿಚ್ಚದೇನೇ ಮದರ್‌ಬೋರ್ಡ್ ಹೋಗಿದೆ, 28 ಸಾವಿರ ಆಗುತ್ತದೆ, ನೀರು ಬಿದ್ದದ್ದಕ್ಕೆ ವಾರಂಟಿ ಬರಲ್ಲ ಅಂದುಬಿಟ್ಟರು. ಡೇಟಾ ಕೇಳಿದರೆ 'ಅದರ ಗ್ಯಾರಂಟಿ ಇಲ್ಲ ಮೇಡಂ'. ಪೆನ್‌ಡ್ರೈವ್‌ನಲ್ಲಿ ಬ್ಯಾಕಪ್ ಇದೆ, ಆದರೆ ಮಾರ್ಚ್ ಕೊನೆಯ ಎಂಟ್ರಿಗಳು ಅದರಲ್ಲಿ ಇಲ್ಲ, ವರ್ಷದ ಕೊನೆ ಅಂದರೆ ಗೊತ್ತಲ್ಲ ಎಷ್ಟು ಬಿಲ್ ಇರುತ್ತವೆ ಅಂತ. 11ನೇ ತಾರೀಕಿನೊಳಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ರಿಟರ್ನ್, ಹಾಕಬೇಕು.

ಡೇಟಾ ತೆಗೆಯೋದು ಹೇಗೆ? ಮತ್ತೆ ಲ್ಯಾಪ್‌ಟಾಪೇ ತಗೊಳ್ಳುವ ಮನಸ್ಸಿಲ್ಲ, ಎಲ್ಲಿಗೂ ಒಯ್ಯುವುದಿಲ್ಲ. ಹಳೇ ಮಾನಿಟರ್, ಕೀಬೋರ್ಡ್ ಮನೆಯಲ್ಲಿವೆ. ಮಾನಿಟರ್‌ಗೆ ನೀಲಿ ತಲೆಯ ವಿಜಿಎ ವೈರ್ ಇದೆ. ಟೇಬಲ್ ಸಣ್ಣದು, 20 ಸಾವಿರದ ಆಸುಪಾಸಿನಲ್ಲಿ ಸಣ್ಣ ಡಬ್ಬಿಯಂಥ ಪಿಸಿ ಸಿಕ್ಕರೆ ಸಾಕು.

ಶಹಾಬಾದ್ ಕಲ್ಲು

ಅಕ್ಕಾ, ಅಕ್ಕಿನೂ ಬೇಡ, ಡ್ರೈಯರೂ ಬೇಡ. ಮುಖ್ಯವಾಗಿ ಚಾರ್ಜರ್ ಚುಚ್ಚಿ 'ಆನ್ ಆಗುತ್ತಾ' ಅಂತ ನೋಡಬೇಡಿ. ನಾನು ಮೊಬೈಲ್, ಲ್ಯಾಪ್‌ಟಾಪ್ ಬೋರ್ಡ್ ಕೆಲಸ ಮಾಡುತ್ತೇನೆ. ನನ್ನ ಟೇಬಲ್‌ಗೆ ಬರುವ ನೀರಿನ ಕೇಸುಗಳಲ್ಲಿ ನೀರಿನಿಂದ ಸತ್ತದ್ದಕ್ಕಿಂತ ಆಮೇಲೆ ಕರೆಂಟ್ ಕೊಟ್ಟು ಸತ್ತದ್ದೇ ಜಾಸ್ತಿ.

ಬರೀ ನೀರು ಅಷ್ಟು ಕೆಟ್ಟದ್ದಲ್ಲ, ಅದರಲ್ಲಿ ಕರಗಿರುವ ಉಪ್ಪು ಕೆಟ್ಟದ್ದು. ನಮ್ಮ ಕಡೆಯ ಬೋರ್ ನೀರು ಹೇಗಿದೆ ಅಂತ ಕೂಲರ್‌ನ ಹುಲ್ಲಿನ ಪ್ಯಾಡ್ ನೋಡಿದರೆ ಗೊತ್ತಾಗುತ್ತದೆ, ಬೇಸಿಗೆ ಅರ್ಧ ಮುಗಿಯುವಷ್ಟರಲ್ಲಿ ಬಿಳಿ ಪದರ ಕಟ್ಟಿರುತ್ತದೆ. ಅದೇ ಪದರ ಈಗ ನಿಮ್ಮ ಬೋರ್ಡ್ ಮೇಲೆ ಕಟ್ಟುತ್ತಾ ಇದೆ. ಲ್ಯಾಪ್‌ಟಾಪ್ ಆಫ್ ಇದ್ದರೂ ಬ್ಯಾಟರಿ ಜೋಡಿಸಿರುವ ತನಕ ಬೋರ್ಡಿನ ಕೆಲವು ಗೆರೆಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಉಪ್ಪು ನೀರು, ತಾಮ್ರ, ಕರೆಂಟ್ ಮೂರೂ ಸೇರಿದರೆ ತಾಮ್ರ ಕರಗಿ ಹಸಿರು ಬೂಷ್ಟಿನ ಹಾಗೆ ಏಳುತ್ತದೆ, ಪಕ್ಕಪಕ್ಕದ ಪಿನ್‌ಗಳು ಶಾರ್ಟ್ ಆಗುತ್ತವೆ. ಆದ್ದರಿಂದ ಇವತ್ತೇ ತಳದ ಸ್ಕ್ರೂ ಬಿಚ್ಚಿಸಿ ಬ್ಯಾಟರಿ ಕನೆಕ್ಟರ್ ಎಳೆದು ತೆಗೆಸಿ. ಬೇರೇನೂ ಆಗದಿದ್ದರೂ ಇದೊಂದು ಮಾಡಿ.

ಅಕ್ಕಿ ಚಿಪ್‌ನ ಅಡಿಗೆ ಹೋದ ನೀರನ್ನು ಹೀರುವುದಿಲ್ಲ. ಅದರ ಹಿಟ್ಟು ಪೋರ್ಟ್, ಫ್ಯಾನ್ ಒಳಗೆ ಕೂರುತ್ತದೆ, ಅಷ್ಟೇ ಲಾಭ. ಡ್ರೈಯರ್ ಗಾಳಿ ನೀರನ್ನು ಇನ್ನೂ ಒಳಗೆ ತಳ್ಳುತ್ತದೆ. ಹೇಗಿದ್ದರೂ ಒಣಗಿದ ಮೇಲೂ ಉಪ್ಪು ಅಲ್ಲೇ ಉಳಿಯುತ್ತದೆ, ಅದನ್ನು ತೊಳೆಯಬೇಕು. 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್, ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಐಪಿಎ ಅಂದರೆ ಕೊಡುತ್ತಾರೆ. ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ಬೋರ್ಡ್, ಕನೆಕ್ಟರ್‌ಗಳನ್ನು ಉಜ್ಜಿ ಫ್ಯಾನ್ ಗಾಳಿಗೆ ಒಣಗಿಸುವುದು. ಸ್ಯಾನಿಟೈಸರ್ ನಡೆಯಲ್ಲ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತವೆ. ಸ್ಕ್ರೀನ್‌ಗೆ ಐಪಿಎ ತಾಗಬಾರದು. ಒಲೆ, ಊದುಬತ್ತಿ ಹತ್ತಿರ ಅಂತೂ ಈ ಕೆಲಸ ಬೇಡ, ಭಗ್ ಅಂತ ಹತ್ತುತ್ತದೆ.

ಬೋರ್ಡ್ ಬದಲಿಸಬೇಕು ಅಂತ ಬಿಚ್ಚದೆ ಹೇಳುವುದು ಹೇಗೋ ನನಗಂತೂ ತಿಳಿಯಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರ್ ಕಡೆ ಚಿಪ್ ಮಟ್ಟದ ಕೆಲಸ ಮಾಡುವವರನ್ನು ಕೇಳಿ, ನಿಮ್ಮೆದುರೇ ಬಿಚ್ಚುವವರಿಗೆ ಮಾತ್ರ ಕೊಡಿ. ಆದರೆ ಒಂದು ಮಾತು, ಬದುಕಿದರೂ ಆ ಲ್ಯಾಪ್‌ಟಾಪ್ ನಂಬಿ ಲೆಕ್ಕ ಇಡಬೇಡಿ. ಚೆನ್ನಾಗಿ ನಡೆದು ಎರಡು ತಿಂಗಳ ಮೇಲೆ ಸುಮ್ನೆ ಕೈಕೊಡುವುದು ಇದರ ಗುಣ.

ವಾಡಿ ಪ್ಯಾಸೆಂಜರ್

ಡೇಟಾ ವಿಷಯ ನಾನು ಹೇಳುತ್ತೇನೆ ಮೇಡಂ. ಬೋರ್ಡ್ ಸತ್ತರೂ ಎಸ್‌ಎಸ್‌ಡಿ, ಅಂದರೆ ಡೇಟಾ ಕೂತಿರುವ ಡಿಸ್ಕ್, ಬದುಕಿರುವ ಸಾಧ್ಯತೆ ಜಾಸ್ತಿ. ಬಿಚ್ಚಿದಾಗ ಚ್ಯೂಯಿಂಗ್ ಗಮ್ ಪಟ್ಟಿಯಷ್ಟು ಉದ್ದದ ಹಲಗೆ ಕಾಣುತ್ತದೆ, ಒಂದೇ ಸ್ಕ್ರೂ. ಅದನ್ನು ತೆಗೆದು ಚಿನ್ನದ ಬಣ್ಣದ ತುದಿಯನ್ನು ಐಪಿಎಯಲ್ಲಿ ಒರೆಸಿ ಪೂರ್ತಿ ಒಣಗಲು ಬಿಡಿ. ಆಮೇಲೆ ಯುಎಸ್‌ಬಿ ಎನ್‌ಕ್ಲೋಶರ್‌ಗೆ (ಡಿಸ್ಕ್ ಕೂರಿಸುವ ಸಣ್ಣ ಡಬ್ಬಿ) ಹಾಕಿ ಯಾರದಾದರೂ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಪೆನ್‌ಡ್ರೈವ್‌ನಂತೆ ತೆರೆಯುತ್ತದೆ. ಡಿಸ್ಕ್‌ನಲ್ಲಿ ಎರಡು ಜಾತಿ, ಎನ್‌ಕ್ಲೋಶರ್ ತರುವ ಮುಂಚೆ ತುದಿ ನೋಡಿ: ಒಂದೇ ಕಡೆ ಸೀಳಿದ್ದರೆ ಸಾಮಾನ್ಯವಾಗಿ ಎನ್‌ವಿಎಂಇ, ಎರಡೂ ಕಡೆ ಸೀಳಿದ್ದರೆ ಸಾಟಾ. ಎರಡನ್ನೂ ಓದುವ ಎನ್‌ಕ್ಲೋಶರ್ ತಂದರೆ ಈ ತಲೆನೋವೇ ಇಲ್ಲ.

ಟ್ಯಾಲಿಪ್ರೈಮ್ ಡೇಟಾ ಜಾಗ ಬದಲಿಸಿರದಿದ್ದರೆ ಸಿ ಡ್ರೈವ್‌ನಲ್ಲಿ ಯೂಸರ್ಸ್, ಅದರೊಳಗೆ ಪಬ್ಲಿಕ್, ಟ್ಯಾಲಿಪ್ರೈಮ್, ಡೇಟಾ. ಅಲ್ಲಿ ಕಂಪನಿ ಹೆಸರು ಇರುವುದಿಲ್ಲ, 10000, 10001 ಅಂತ ನಂಬರಿನ ಫೋಲ್ಡರ್‌ಗಳಿರುತ್ತವೆ. ಒಂದೊಂದು ಫೋಲ್ಡರ್ ಒಂದೊಂದು ಕಂಪನಿ. ಇಡೀ ಡೇಟಾ ಫೋಲ್ಡರ್ ಕಾಪಿ ಮಾಡಿ. ಕೆಲಸದ ನಡುವೆ ಆರಿಹೋದದ್ದರಿಂದ ಯಾವುದಾದರೂ ಕಂಪನಿ ತೆರೆಯದಿದ್ದರೆ ಟ್ಯಾಲಿಯಲ್ಲೇ ರಿಪೇರ್ ಆಪ್ಷನ್ ಇದೆ, ಅದನ್ನು ಕಾಪಿ ಮೇಲೆ ಓಡಿಸಿ, ಮೂಲದ ಮೇಲೆ ಅಲ್ಲ.

ವಿಂಡೋಸ್ 11 ಇದ್ದರೆ ಡಿಸ್ಕ್ ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್‌ನಿಂದ ಲಾಕ್ ಆಗಿರಬಹುದು, ನೀವು ಹಾಕಿರದಿದ್ದರೂ. ಆಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಗಾಬರಿ ಬೇಡ. ಮೈಕ್ರೋಸಾಫ್ಟ್ ಅಕೌಂಟ್ ಸೈಟ್‌ಗೆ ಲಾಗಿನ್ ಆಗಿ ಡಿವೈಸಸ್ ಅನ್ನುವಲ್ಲಿ ನೋಡಿದರೆ ಸಿಗುತ್ತದೆ. ಈಗಲೇ ಹುಡುಕಿ ಇಟ್ಟುಕೊಳ್ಳಿ.

ಬೀದರ್ ಬುರುಜು

ಪಿಸಿ ಬಗ್ಗೆ: ಎನ್100 ಪ್ರೊಸೆಸರ್‌ನ ಹೊಸ ಮಿನಿ ಪಿಸಿ ತಗೊಳ್ಳಿ, ಮಾತು ಮುಗೀತು. ಅಂಗೈ ಅಗಲ, ಮಾನಿಟರ್ ಬೆನ್ನಿಗೆ ಅಂಟಿಸಬಹುದು. 2023ರಲ್ಲಿ ಬಂದ ಚಿಪ್, ನಾಲ್ಕು ಕೋರ್, ಇಂಟೆಲ್ ಲೆಕ್ಕದಲ್ಲಿ 6 ವ್ಯಾಟ್. ನಮ್ಮ ಅಣ್ಣನ ಜೆರಾಕ್ಸ್ ಅಂಗಡಿಯಲ್ಲಿ ಬೆಳಗ್ಗೆಯಿಂದ ರಾತ್ರಿ ತನಕ ನಡೀತಾ ಇದೆ, ಸದ್ದೇ ಇಲ್ಲ. ದುಡ್ಡು ಜಾಸ್ತಿ ಇದ್ದರೆ ಮ್ಯಾಕ್ ಮಿನಿ, ಕಡಿಮೆ ಇದ್ದರೆ ರಾಸ್ಪ್‌ಬೆರಿ ಪೈ.

ಸಿಟಿಸಿ ಸಂಚಾರಿ

ಬೀದರ್ ಅಣ್ಣಾ, ಅವರಿಗೆ ಬೇಕಿರೋದು ಟ್ಯಾಲಿ. ಅದು ವಿಂಡೋಸ್ ಸಾಫ್ಟ್‌ವೇರ್. ಮ್ಯಾಕ್ ಮಿನಿ ಒಳ್ಳೆ ಮಷಿನ್ನೇ, ಬಜೆಟ್ ಮೂರು ಪಟ್ಟು ಆದರೂ ಅದರಲ್ಲಿ ಟ್ಯಾಲಿ ನೇರವಾಗಿ ನಡೆಯಲ್ಲ. ಪೈ ಅಂತೂ ಆರ್ಮ್ ಚಿಪ್, ಲಿನಕ್ಸ್, ಅದರಲ್ಲೂ ಟ್ಯಾಲಿ ನೇರವಾಗಿ ನಡೆಯಲ್ಲ. ಕಲಿಯುವ ಹುಡುಗರಿಗೆ ಸರಿ, 11ನೇ ತಾರೀಕು ತಲೆ ಮೇಲಿರುವವರಿಗೆ ಅಲ್ಲ.

ಎನ್100 ಕೆಟ್ಟದ್ದು ಅನ್ನುವುದಿಲ್ಲ. ಟ್ಯಾಲಿ, ಎಕ್ಸೆಲ್‌ಗೆ ಸಾಕು. ಆದರೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಬ್ರ್ಯಾಂಡ್‌ಗಳಿಗೆ ಇಲ್ಲಿ ಕೇಳುವವರೇ ಇಲ್ಲ, ಕೆಟ್ಟರೆ ಕೊರಿಯರ್ ಮಾಡಿ ಕಾಯಬೇಕು. ನನ್ನ ಓಟು ಕಂಪನಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಸಣ್ಣ ಡೆಸ್ಕ್‌ಟಾಪ್‌ಗಳಿಗೆ. ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಮಿನಿ, ಮೂರೂ ಒಂದೇ ಜಾತಿ. ಸುಮಾರು 18 ಸೆಂಟಿಮೀಟರ್ ಚೌಕ, ಒಂದು ದಪ್ಪ ಡೈರಿಯಷ್ಟು ದಪ್ಪ. ಗಟ್ಟಿ ತಗಡು, ಒಂದೆರಡು ಸ್ಕ್ರೂ ಬಿಚ್ಚಿದರೆ ಎಲ್ಲ ಕಾಣುತ್ತದೆ.

ಇಂಟೆಲ್ 8ನೇ ಜನರೇಶನ್ ಅಥವಾ ಅದರ ಮೇಲಿನದು ಮಾತ್ರ ತಗೊಳ್ಳಿ. ಐ5-8500ಟಿ ಅಂತ ಬರೆದಿದ್ದರೆ ಒಳ್ಳೇದು, ಆರು ಕೋರ್, ಟಿ ಅಂದರೆ 35 ವ್ಯಾಟ್‌ನದು. 6, 7ನೇ ಜನರೇಶನ್ ಅಗ್ಗಕ್ಕೆ ತೋರಿಸಿ ಆಸೆ ಹಚ್ಚುತ್ತಾರೆ. ಅವುಗಳಲ್ಲಿ ಬಹುತೇಕ ಯಾವುದಕ್ಕೂ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಬ್ಯಾಂಕ್, ಜಿಎಸ್‌ಟಿ ಪಾಸ್‌ವರ್ಡ್ ಹಾಕುವ ಮಷಿನ್‌ನಲ್ಲಿ ಹಳೇ ವಿಂಡೋಸ್ ಯಾಕೆ?

ಇನ್ನೊಂದು ಲಾಭ ಇದೆ. ಇವುಗಳಲ್ಲಿ ಲ್ಯಾಪ್‌ಟಾಪ್‌ನ ಸಣ್ಣ ರ‍್ಯಾಮೇ ಕೂರುತ್ತದೆ. ನಿಮ್ಮದರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರದೆ ಬಿಡಿಯಾಗಿದ್ದು ಡಿಡಿಆರ್4 ಅನ್ನುವ ಜಾತಿಯದ್ದಾಗಿದ್ದರೆ ತೊಳೆದು ಇದಕ್ಕೆ ಹಾಕಿ. ಡಿಡಿಆರ್5 ಆದರೆ ಸೀಳಿನ ಜಾಗವೇ ಬೇರೆ, ಕೂರುವುದಿಲ್ಲ. ಈಗ ರ‍್ಯಾಮ್ ಬೆಲೆ ಏರಿ ಕೂತಿರುವಾಗ ಇದು ಸಣ್ಣ ಉಳಿತಾಯ ಅಲ್ಲ. ಡೇಟಾ ತೆಗೆದ ಮೇಲೆ ಎಸ್‌ಎಸ್‌ಡಿಯನ್ನೂ ಇದಕ್ಕೇ ಹಾಕಬಹುದು, ಆದರೆ ನೀರು ಕುಡಿದ ಡಿಸ್ಕ್‌ನಲ್ಲಿ ಲೆಕ್ಕ ಇಡುವ ಧೈರ್ಯ ನನಗಿಲ್ಲ.

ಅಂಗಡಿಯಲ್ಲಿ ನಿಂತಾಗ ಆನ್ ಮಾಡಿಸಿ ಬಯಾಸ್‌ಗೆ (ವಿಂಡೋಸ್‌ಗೂ ಮುಂಚೆ ಬರುವ ಸೆಟಪ್ ಪರದೆ) ಹೋಗಿ, ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟು ಬನ್ನಿ. ವೈಫೈ ಕಾರ್ಡ್ ಇದೆಯಾ ಕೇಳಿ, ಆಫೀಸುಗಳಲ್ಲಿ ಕೇಬಲ್ ಹಾಕುತ್ತಿದ್ದರು ಅಂತ ಎಷ್ಟೋದರಲ್ಲಿ ಇರಲ್ಲ. ಅಡಾಪ್ಟರ್ ಅದೇ ಕಂಪನಿಯದ್ದೇ ಇರಲಿ. ನಿಮ್ಮ ವಿಜಿಎ ಮಾನಿಟರ್‌ಗೆ ಕನ್ವರ್ಟರ್ ಬೇಕಾಗಬಹುದು, ಹಿಂದೆ ಡಿಸ್‌ಪ್ಲೇ ಪೋರ್ಟ್ ಇದೆಯೋ ಎಚ್‌ಡಿಎಂಐಯೋ ನೋಡಿ ತಗೊಳ್ಳಿ. ಇಲ್ಲಿ ಸಿಗದಿದ್ದರೆ ಸಿಕಂದರಾಬಾದ್‌ನ ಪಾರ್ಕ್‌ಲೇನ್, ಚೆನಾಯ್ ಟ್ರೇಡ್ ಸೆಂಟರ್. ಸಿಟಿಸಿ ಅಂದರೆ ಆಟೋದವರಿಗೆ ಗೊತ್ತು. ಬೆಳಗಿನ ಟ್ರೇನ್‌ಗೆ ಹೋದರೆ ರಾತ್ರಿ ವಾಪಸ್ಸು. ಅಲ್ಲಿ ಮೊದಲ ಅಂಗಡಿಯಲ್ಲೇ ದುಡ್ಡು ತೆಗೆಯಬೇಡಿ, ಬಿಲ್ಲು, ವಾರಂಟಿ ಚೀಟಿ ಇಲ್ಲದೆ ಬರಬೇಡಿ.

ಗಂಜ್ ಲೆಕ್ಕ (ಕಲಬುರಗಿ)

ಎಲ್ಲರಿಗೂ ಧನ್ಯವಾದ. ಸೂಪರ್ ಮಾರ್ಕೆಟ್‌ನಲ್ಲಿ ಒಬ್ಬರು ಕಣ್ಣೆದುರೇ ಬಿಚ್ಚಿದರು. ಚಾರ್ಜಿಂಗ್ ಪೋರ್ಟ್ ಹತ್ತಿರ ನಿಜವಾಗಿಯೂ ಹಸಿರು ಬಂದಿತ್ತು. ಬ್ಯಾಟರಿ ತೆಗೆಸಿದೆ. ಎಸ್‌ಎಸ್‌ಡಿ ಇನ್ನೊಂದು ತುದಿಯಲ್ಲಿತ್ತು, ಒಂದು ಹನಿಯೂ ತಾಗಿರಲಿಲ್ಲ.

ವಾಡಿ ಅಣ್ಣ ಹೇಳಿದ ಹಾಗೆ 48 ಅಂಕಿ ಕೇಳಿತು. ನನ್ನ ಅಕೌಂಟ್‌ನಲ್ಲಿ ಹುಡುಕಿದರೆ ಏನೂ ಇಲ್ಲ. ಆಮೇಲೆ ನೆನಪಾಯಿತು, ಲ್ಯಾಪ್‌ಟಾಪ್ ಹೊಸದಾಗಿ ತಂದಾಗ ಸೆಟಪ್ ಮಾಡಿದ್ದು ಬೆಂಗಳೂರಿನ ತಮ್ಮ, ಅವನದೇ ಈಮೇಲ್. ಅವನ ಅಕೌಂಟ್‌ನಲ್ಲಿ ಮೂರ್ನಾಲ್ಕು ಕೀ ಇದ್ದವು, ಪರದೆ ಮೇಲೆ ತೋರಿಸುವ ಕೀ ಐಡಿ ಜೊತೆ ತಾಳೆ ನೋಡಿ ಸರಿಯಾದದ್ದು ವಾಟ್ಸಾಪ್ ಮಾಡಿದ. ಡೇಟಾ ಪೂರ್ತಿ ಸಿಕ್ಕಿದೆ! ಗೆಳತಿಯ ಕಂಪ್ಯೂಟರ್‌ನಲ್ಲಿ ಮಾರ್ಚ್ ರಿಟರ್ನ್ ಕೆಲಸ ನಡೆದಿದೆ. ಟೈನಿ ಪಿಸಿ ಇಲ್ಲೇ ಒಬ್ಬರ ಹತ್ತಿರ ಇದೆಯಂತೆ, ನಾಳೆ ನೋಡಲು ಹೋಗುತ್ತೇನೆ.

ಒಂದೇ ಚಿಂತೆ. ಲ್ಯಾಪ್‌ಟಾಪ್ ಇದ್ದಾಗ ಕರೆಂಟ್ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಇನ್ವರ್ಟರ್ ಇದೆ, ಅದು ಸಾಕಾ?

ವಾಡಿ ಪ್ಯಾಸೆಂಜರ್

ಇನ್ವರ್ಟರ್ ಮೇಲೆ ಸಣ್ಣ ಸ್ವಿಚ್ ಇರುತ್ತದೆ ನೋಡಿ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ಫ್ಯಾನ್, ಲೈಟಿಗೆ ಅಂತ ನಾರ್ಮಲ್‌ನಲ್ಲೇ ಬಿಟ್ಟಿರುತ್ತಾರೆ, ಅದರಲ್ಲಿ ಬದಲಾಗುವ ಹೊತ್ತಿಗೆ ಪಿಸಿ ರೀಸ್ಟಾರ್ಟ್ ಆಗಬಹುದು. ಯುಪಿಎಸ್ ಕಡೆ ಹಾಕಿದರೆ ತಡೆಯುತ್ತದೆ. ಆದರೆ ಆ ಮೋಡ್ ವೋಲ್ಟೇಜ್ ವಿಷಯದಲ್ಲಿ ತುಂಬಾ ನಾಜೂಕು. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದರೆ ಕರೆಂಟ್ ಇದ್ದರೂ ಬ್ಯಾಟರಿಗೆ ಹೋಗಿಬಿಡುತ್ತದೆ, ರಾತ್ರಿ ಫ್ಯಾನ್‌ಗೆ ಬ್ಯಾಟರಿ ಉಳಿಯಲ್ಲ, ಆಗ ಅತ್ತೆಯವರ ಮಾತು ಕೇಳಬೇಕಾಗುತ್ತದೆ. ನಾನಾದರೆ 600 ವಿಎ ಯುಪಿಎಸ್ ಬೇರೆಯೇ ಇಡುತ್ತೇನೆ. ಈ ಪಿಸಿ, ಮಾನಿಟರ್ ಎರಡೂ ಸೇರಿ ತಿನ್ನುವುದು ಕಡಿಮೆ, ಹೊಸ ಬ್ಯಾಟರಿ ಇದ್ದರೆ ಅರ್ಧ ಗಂಟೆ ಆರಾಮ. ಪ್ರಿಂಟರ್ ಮಾತ್ರ ಅದಕ್ಕೆ ಚುಚ್ಚಬೇಡಿ, ಲೇಸರ್ ಆದರೆ ಯುಪಿಎಸ್ ಕಿರುಚಿ ಆಫ್ ಆಗುತ್ತದೆ.

ಟ್ಯಾಲಿ ಲೈಸೆನ್ಸ್ ಹಳೇ ಮಷಿನ್‌ಗೆ ಕಟ್ಟಿಕೊಂಡಿರುತ್ತದೆ. ಸೀರಿಯಲ್ ನಂಬರ್, ಅಡ್ಮಿನ್ ಈಮೇಲ್ ಎರಡೂ ಕೈಯಲ್ಲಿ ಹಿಡಿದು ನಿಮಗೆ ಟ್ಯಾಲಿ ಕೊಟ್ಟವರಿಗೆ ಫೋನ್ ಮಾಡಿ. ಆ ಈಮೇಲೂ ತಮ್ಮನದೇನಾ ನೋಡಿಕೊಳ್ಳಿ.

ಶಹಾಬಾದ್ ಕಲ್ಲು

ಆ ತೆಗೆದ ಬ್ಯಾಟರಿ ಎಲ್ಲಿಟ್ಟಿದ್ದೀರಿ ಅಕ್ಕಾ? ನೀರು ತಾಗಿದ್ದು, ಮೇಲೆ ಈ ಬಿಸಿಲು. ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಕಸದ ಗಾಡಿಗೂ ಹಾಕಬೇಡಿ. ಉಬ್ಬಿರದಿದ್ದರೂ ಮತ್ತೆ ಚಾರ್ಜ್ ಮಾಡುವುದು ಬೇಡ. ಬಿಚ್ಚಿದ ಅಂಗಡಿಯವರು ಇ-ತ್ಯಾಜ್ಯದವರಿಗೆ ಕೊಡುತ್ತಾರಾ ಕೇಳಿ ಅವರಿಗೇ ಒಪ್ಪಿಸಿ. ಸ್ಕ್ರೀನ್, ಹಿಂಜ್, ವೈಫೈ ಕಾರ್ಡ್ ಚೆನ್ನಾಗಿದ್ದರೆ ಬಿಡಿಭಾಗದ ಲೆಕ್ಕದಲ್ಲಿ ತಗೊಳ್ಳುವವರು ಅಲ್ಲೇ ಸಿಗುತ್ತಾರೆ, ಯುಪಿಎಸ್ ದುಡ್ಡಿನಲ್ಲಿ ಒಂದಿಷ್ಟಾದರೂ ಬರುತ್ತದೆ.